ಮಾಸ್ತರರ ಪಾಳಿ

ಪುಸ್ತಕ ಆರಿಸಿದವರು ಬಾಯಿ ಬಿಡಬಾರದು. ಉಳಿದವರೆಲ್ಲರ ಮಾತು ಮುಗಿದ ಮೇಲೆ, ಕಟ್ಟಕಡೆಗೆ, ಅವರು ಮಾತಾಡಬೇಕು. ಮಾತಾಡಿ ತಮ್ಮ ಕೈಯಿಂದಲೇ ಪುಸ್ತಕ ಮುಚ್ಚಬೇಕು. ಅಲ್ಲಿಯವರೆಗೆ ಅದು ವ್ಯಾಸಪೀಠದ ಮೇಲೆ ತೆರೆದೇ ಇರಬೇಕು. ಆಳಂದದ ನಮ್ಮ ಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದ ಓದುವ ಕೂಟಕ್ಕೆ ಇದ್ದ ನಿಯಮ ಇದೊಂದೇ. ಮಾಡಿದವರು ನನ್ನ ಅತ್ತೆ. ಅವರಿಗೆ ಓದು ಬರುತ್ತಿರಲಿಲ್ಲ. ಓದು ಬರುವ ಗಂಡಸರನ್ನು ಸುಮ್ಮನೆ ಕೂರಿಸುವುದು ಹೇಗೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

"ತಾ ತಂದ ಎತ್ತನ್ನ ತಾನೇ ಹೊಗಳಕೋತ ಕುಂತ್ರ, ಕೊಳ್ಳಾಕ ಬಂದವ ಹಲ್ಲು ಹ್ಯಾಂಗ ಹಿಡದು ನೋಡ್ಯಾನು?" ಎಂದು ಅತ್ತೆ ಕೇಳಿದ್ದರಂತೆ. ಅಂದಿನಿಂದ ನಿಯಮ ಉಳಿದುಕೊಂಡಿತು.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ನಲವತ್ತೇಳರ ಬೇಸಿಗೆಯಲ್ಲಿ, ಜೇವರ್ಗಿ ಕಡೆಯ ನೆಲೋಗಿಯಿಂದ. ನಮ್ಮೂರ ಮಠದಲ್ಲಿ ಅಕ್ಷರ ಕಲಿತಿದ್ದೆ. ಹುಡುಗಿಗೆ ಓದು ಬರುತ್ತದೆ ಎಂಬುದನ್ನು ನಮ್ಮಪ್ಪ ಬೀಗರಿಂದ ಮುಚ್ಚಿಟ್ಟಿದ್ದ, ಸಂಬಂಧ ತಪ್ಪೀತು ಎಂಬ ಭಯಕ್ಕೆ. ಇಲ್ಲಿ ಬಂದು ನೋಡಿದರೆ ಅತ್ತೆಗೆ ಬೇಕಾಗಿದ್ದದ್ದೇ ಅಂಥ ಸೊಸೆ. ಮಾವನವರದು ತೊಗರಿ ಜೋಳದ ಅಡತಿ ವ್ಯಾಪಾರ. ನನ್ನ ಗಂಡ ಸೊಲ್ಲಾಪುರದ ಅಂಗಡಿ ನೋಡಿಕೊಳ್ಳುತ್ತಿದ್ದ. ಅಲ್ಲಿ ತೊಗರಿ ಇಳಿಸಿ ಮರಳುವ ಬಂಡಿಗಳಲ್ಲಿ, ಖಾಲಿ ಚೀಲಗಳ ಮಡಿಕೆಯೊಳಗೆ ಪುಸ್ತಕ ಕಳಿಸುತ್ತಿದ್ದ. ಆಗ ನಮ್ಮದು ಹೈದರಾಬಾದ್ ಸಂಸ್ಥಾನ; ಗಡಿಯಾಚೆ ಅಚ್ಚಾದ ಕನ್ನಡ ಪುಸ್ತಕವೆಂದರೆ ಗಡಿ ಕಾಯುವ ನಾಕೆಯವರಿಗೆ ಅನುಮಾನ. ಪುಸ್ತಕದ ಮೈಗೆಲ್ಲ ತೊಗರಿ ದೂಳು ಅಂಟಿರುತ್ತಿತ್ತು. ಮೊದಲ ಪುಟ ತೆರೆದ ಕೂಡಲೇ ವಕೀಲರಿಗೆ ಸೀನು ಬರುವುದು ವಾಡಿಕೆ.

ಸಂತೆಯ ಮರುದಿನ ಮಧ್ಯಾಹ್ನ, ವ್ಯಾಪಾರ ತಣ್ಣಗಿರುವಾಗ, ಕೂಟ ಸೇರುತ್ತಿತ್ತು. ಮಾವನವರು, ವಕೀಲರು, ಉರ್ದು ಮಾಸ್ತರರು, ಜೊತೆಗೆ ಇಬ್ಬರು ಮೂವರು ಅಂಗಡಿಕಾರರು. ಅಂಗಡಿಕಾರರು ಬರುತ್ತಿದ್ದದ್ದು ಹೆಚ್ಚಾಗಿ ಚಹಾಕ್ಕೆ. ಒಳಮನೆಯ ಹೊಸ್ತಿಲ ಮೇಲೆ ಅತ್ತೆ, ಅವರ ಬೆನ್ನ ಹಿಂದೆ ನಾನು. ಅತ್ತೆ ಒಂದು ಕಾಲನ್ನೂ ಪಡಸಾಲೆಗೆ ಇಡುತ್ತಿರಲಿಲ್ಲ. ಆದರೆ ಅವರ ದನಿ ಅಂಗಳ ದಾಟಿ ಓಣಿಗೆ ಹೋಗುತ್ತಿತ್ತು.

ಓದಿ ಹೇಳುತ್ತಿದ್ದವರು ಉರ್ದು ಮಾಸ್ತರರು. ಅವರು ಮುಸಲ್ಮಾನರು, ಆಳಂದದಲ್ಲೇ ಹುಟ್ಟಿದವರು. ಮಾವನವರೂ ಅವರೂ ಒಂದೇ ಸಾಲೆಯಲ್ಲಿ ಬೆತ್ತದ ಏಟು ತಿಂದವರು. ಆ ಸಾಲೆಯಲ್ಲಿ ಕಲಿಸುತ್ತಿದ್ದದ್ದೆಲ್ಲ ಉರ್ದು. ಹಾಗಾಗಿ ನಮ್ಮ ಮಾವನವರೂ ವಕೀಲರೂ ಕನ್ನಡದ ಒತ್ತಕ್ಷರ ಕಂಡರೆ ಕಲ್ಲು ಕಂಡ ಎತ್ತಿನಂತೆ ನಿಂತುಬಿಡುತ್ತಿದ್ದರು. ಮಾಸ್ತರರು ಕನ್ನಡವನ್ನು ಹಟಕ್ಕೆ ಬಿದ್ದು ತಾವೇ ಕಲಿತಿದ್ದರು. ಕತೆಯಲ್ಲಿ ಮುದುಕಿ ಬಂದರೆ ಅವರ ದನಿ ಮುದುಕಿಯದಾಗುತ್ತಿತ್ತು, ಮಗು ಬಂದರೆ ಮಗುವಿನದು. ವ್ಯಾಸಪೀಠವನ್ನು ಮೊದಲ ಸಲ ಕಂಡಾಗ, "ನಮ್ಮ ಮನ್ಯಾಗೂ ಹಿಂಥದೇ ಅದ ಅಕ್ಕಾ, ನಾವು ರೇಹಲ್ ಅಂತೀವಿ" ಎಂದಿದ್ದರಂತೆ.

ಅವರ ಹಿತ್ತಾಳೆ ಗಿಲಾಸು ಪಡಸಾಲೆಯ ಗೂಡಿನಲ್ಲಿ ಇರುತ್ತಿತ್ತು. ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ: ಅದು ಬೇರೆ ಇಟ್ಟ ಗಿಲಾಸು. ಶರಣರ ಮಾತನ್ನು ದಿನವೂ ಹಾಡುವ ಮನೆ ನಮ್ಮದು, ಪಾತ್ರೆಯ ಮಾತು ಬಂದರೆ ಮಾತ್ರ ಕಿವುಡು. ನನಗೆ ಮೊದಮೊದಲು ಆ ಗೂಡು ನೋಡಿದರೆ ಸಿಟ್ಟು ಬರುತ್ತಿತ್ತು. ಆಮೇಲೆ ಕಂಡದ್ದು ಬೇರೆ. ಮಾಸ್ತರರು ಬಂದವರೇ ಚಪ್ಪಲಿ ಬಿಟ್ಟು, ಯಾರ ಮುಖವನ್ನೂ ನೋಡದೆ ಸೀದಾ ಗೂಡಿಗೆ ಕೈಹಾಕಿ ಗಿಲಾಸು ತೆಗೆದುಕೊಂಡು, "ಅಕ್ಕಾ, ಚಾ" ಎನ್ನುತ್ತಿದ್ದರು. ಕುಡಿದು ತಾವೇ ತೊಳೆದು ತಾವೇ ಇಡುತ್ತಿದ್ದರು. ವಕೀಲರಿಗೆ ಕೂಡ ನಮ್ಮ ಮನೆಯಲ್ಲಿ ಅಷ್ಟು ಸಲಿಗೆ ಇರಲಿಲ್ಲ. ಓದಿನ ಗುಂಗಿನಲ್ಲಿ ಅವರು ಚಹಾ ಮರೆತರೆ ಅತ್ತೆ ಹೊಸ್ತಿಲಿಂದಲೇ ಗದರುತ್ತಿದ್ದರು: "ಏ ತಮ್ಮಾ, ಚಾ ಆರಾಕತ್ತದ ನೋಡು!" ದೊಡ್ಡ ಅಧಿಕಾರಿಗಳು ಬಂದರೆ ಇರಲೆಂದು ಇಟ್ಟಿದ್ದ ಹೂವಿನ ಕಪ್ಪು-ಬಸಿ ಇನ್ನೊಂದಿತ್ತು, ಕಪಾಟಿನಲ್ಲಿ. ಅದನ್ನು ಮಾಸ್ತರರಿಗೆ ಕೊಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅವರಿಗೂ ಬೇಕಿರಲಿಲ್ಲ.

ಆ ಮೊದಲ ಮಳೆಗಾಲದ ಗದ್ದಲ ಈಗಲೂ ಕಿವಿಯಲ್ಲಿದೆ. ವಕೀಲರು ಒಂದು ಪತ್ತೇದಾರಿ ಕತೆ ಆರಿಸಿದ್ದರು. ಕೊಲೆಗಾರ ಯಾರೆಂಬುದು ಗೊತ್ತಿದ್ದೂ ಬಾಯಿಬಿಡುವಂತಿಲ್ಲವಾಗಿ ಪಾಪ, ಎಲೆ ಅಡಿಕೆ ಜಗಿದು ಜಗಿದು ಪೀಕದಾನಿ ತುಂಬಿಸಿದರು. ಅತ್ತೆ ಮೂರನೆಯ ಪುಟಕ್ಕೇ, "ಆ ಸಣ್ಣ ಮಾವನ ಕೆಲಸ ಅದು, ತಗೀರಿ" ಎಂದುಬಿಟ್ಟರು. ವಕೀಲರ ಮುಖ ನೋಡಿದ ಕೂಡಲೇ ಅದು ನಿಜವೆಂದು ಎಲ್ಲರಿಗೂ ತಿಳಿಯಿತು. ಮಾವನವರು ತಮ್ಮ ಪಾಳಿಗೆ ಆರಿಸಿದ್ದು ದನಗಳ ರೋಗದ ಮೇಲಿನ ಪುಸ್ತಕ. ನಾವೆಲ್ಲ ಮೂಗು ಮುರಿದೆವು. ಆದರೆ ಅಷ್ಟು ಕಾವೇರಿದ ಚರ್ಚೆ ಮತ್ತಾವ ಪುಸ್ತಕಕ್ಕೂ ಆಗಲಿಲ್ಲ. ಕಾಲುಬೇನೆಗೆ ಏನು ಮದ್ದು ಎಂಬುದರ ಮೇಲೆ ಅಂಗಡಿಕಾರರಿಬ್ಬರು ಒಂದು ವಾರ ಮಾತು ಬಿಟ್ಟಿದ್ದರು.

ಚಳಿಗಾಲ ಬರುವಷ್ಟರಲ್ಲಿ ನಗೆ ಬತ್ತಿತು. ಅತ್ತ ಗಡಿಯಾಚೆ ಸ್ವಾತಂತ್ರ್ಯ ಬಂದಿತ್ತು, ಇತ್ತ ನಮ್ಮಲ್ಲಿ ಏನಾಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಸಂಜೆ ಬಯಲಿನಲ್ಲಿ, ಸಂಸ್ಥಾನ ಕಾಯುತ್ತೇವೆಂದು ಮುಸಲ್ಮಾನ ಹುಡುಗರು ಕೋಲು ಹಿಡಿದು ಕವಾಯತು ಮಾಡತೊಡಗಿದರು. ಅಫಜಲಪುರದ ಕಡೆಯಿಂದ ಸುಟ್ಟ ಊರುಗಳ ಸುದ್ದಿ ಬರುತ್ತಿತ್ತು. ಅಂಗಡಿಕಾರರು ಮಾಸ್ತರರ ಎದುರಿಗೆ ಆ ಸುದ್ದಿ ಎತ್ತುತ್ತಿರಲಿಲ್ಲ. ಅವರು ಚಪ್ಪಲಿ ಬಿಡುವ ಸದ್ದಾದರೆ ಮಾತು ನಿಲ್ಲುತ್ತಿತ್ತು. ಅವರು ಅದನ್ನು ಗಮನಿಸಲಿಲ್ಲವೆಂದು ನಾನು ಹೇಳಲಾರೆ. ಕತೆಯಲ್ಲಿ ಎಲ್ಲಿ ದನಿ ಇಳಿಸಬೇಕೆಂದು ಬಲ್ಲವರಿಗೆ ಪಡಸಾಲೆಯಲ್ಲಿ ಇಳಿದ ದನಿ ಕೇಳದೆ ಇರುತ್ತದೆಯೆ?

ನಲವತ್ತೆಂಟರ ಬೇಸಿಗೆಯಲ್ಲಿ ಮಾಸ್ತರರ ಪಾಳಿ ಬಂತು. ಅವರು ಆರಿಸಿದ್ದು ಒಂದು ಸಣ್ಣ ಕಾದಂಬರಿ. ಅಣ್ಣ ಬಹಳ ವರ್ಷ ಊರು ಬಿಟ್ಟಿದ್ದು ತನ್ನ ಮನೆಗೆ ಮರಳುತ್ತಾನೆ. ತಮ್ಮ ಒಳ್ಳೆಯವನು. ಅಣ್ಣನಿಗೆ ಹೊಸ ಜಮಖಾನ ಹಾಸುತ್ತಾನೆ, ಬೆಳ್ಳಿ ತಟ್ಟೆಯಲ್ಲಿ ಬಡಿಸುತ್ತಾನೆ, ಅವನು ನೀರು ಸೇದಲು ಹೋದರೆ ಹಗ್ಗ ಕಸಿದುಕೊಳ್ಳುತ್ತಾನೆ. ಯಾರೂ ಒಂದು ಕೆಟ್ಟ ಮಾತು ಆಡುವುದಿಲ್ಲ. ಒಂದು ದಿನ ಅಣ್ಣ ಗಂಟು ಕಟ್ಟಿಕೊಂಡು ಹೊರಟುಹೋಗುತ್ತಾನೆ. ಅಷ್ಟೇ ಕತೆ.

ಕೊನೆಯ ಭಾಗ ಓದುವ ಮುನ್ನ ಒಂದು ಮಧ್ಯಾಹ್ನ ಮಾಸ್ತರರು ಎಲ್ಲರಿಗಿಂತ ಮೊದಲೇ ಬಂದರು. ನಾನು ಹೊಸ್ತಿಲ ಹಿಂದೆ ಜೋಳ ಹಸನು ಮಾಡುತ್ತಿದ್ದೆ. ಅತ್ತೆ ಸುತ್ತುಬಳಸಲಿಲ್ಲ.

"ನಿನ್ನ ಸಣ್ಣ ತಮ್ಮ ಹೈದ್ರಾಬಾದಿಗಿ ಬಾ ಅಂತ ಕರ್ಯಾಕತ್ತಾನಂತಲ್ಲ. ಹೋಗ್ತೀಯೇನು?"

"ಆಳಂದದಾಗ ನಿನಗ ಯಾರದಾರ ಅಂತ ಕೇಳ್ಯಾನ ಅಕ್ಕಾ. ಇನ್ನಾ ಜವಾಬು ಕೊಟ್ಟಿಲ್ಲ." ಗಿಲಾಸನ್ನು ಅಂಗೈಯಲ್ಲಿ ತಿರುಗಿಸುತ್ತ ಹೇಳಿದರು: "ಈ ಪುಸ್ತಕದಾಗ ನನ್ನ ಪಾಳಿ ಬರ್ತದಲ್ಲ, ಅವತ್ತ ಎಲ್ಲಾರ ಮುಂದ ಹೇಳಬೇಕಂತೀನಿ. ಕೇಳಿ ನೀವು ಇರು ಅಂದ್ರ ಇರ್ತೀನಿ."

"ಇರು ಅನ್ನಾಕ ಪುಸ್ತಕ ಯಾಕೋ? ನಾ ಈಗ ಅಂತೀನಿ, ಇರು."

"ನೀ ಒಬ್ಬಾಕಿ ಅಂದ್ರ ಸಾಲೂದಿಲ್ಲ ಅಕ್ಕಾ. ಪಡಸಾಲಿ ಅನ್ನಬೇಕು."

ಅತ್ತೆ ಒಳಗೆ ಬಂದು ನನಗೆ, "ಇವನ ಹಟಕ್ಕ ಬೆಂಕಿ ಬೀಳ್ಲಿ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಕಾರಹುಣ್ಣಿಮೆ ಆದ ಮೇಲಿನ ವಾರ ಚರ್ಚೆಗೆ ಕೂತರು. ಆ ಹೊತ್ತಿಗೆ ಅಫಜಲಪುರದ ಕಡೆಯ ನಮ್ಮ ಬೀಗರೊಬ್ಬರು ಹೆಂಡತಿಯೊಡನೆ ಮನೆಗೆ ಬಂದು ಉಳಿದಿದ್ದರು. ಕೋಲು ಹಿಡಿದ ಅಂಥದೇ ದಂಡು ಅವರ ಮನೆ ಸುಟ್ಟಿತ್ತು. ಜೋಳದ ಕಣಿಕೆಯ ಬಣವೆ, ಕಟ್ಟಿದ್ದ ಹಸು ಸಮೇತ ಬೂದಿ. ಅವರನ್ನು ಪಡಸಾಲೆಯಿಂದ ಏಳಿ ಎನ್ನುವುದಾದರೂ ಹೇಗೆ? ಗೋಡೆಗೆ ಒರಗಿ ಕೂತರು. ಕೂಟದ ನಿಯಮ ಅವರಿಗೆ ಗೊತ್ತಿರಲಿಲ್ಲ.

ಮೊದಲು ಮೊದಲು ಚೆನ್ನಾಗಿಯೇ ನಡೆಯಿತು, ಹಳೆಯ ದಿನಗಳು ಮರಳಿದವೇನೋ ಎನ್ನುವಷ್ಟು. ವಕೀಲರು ಅಣ್ಣನಿಗೆ ಆಸ್ತಿಯಲ್ಲಿ ಅರ್ಧ ಪಾಲು ಕೊಡಿಸಿ ಗೆಲ್ಲಿಸಿದರು. ಒಬ್ಬ ಅಂಗಡಿಕಾರರು ಎಲ್ಲ ತಪ್ಪೂ ತಮ್ಮನ ಹೆಂಡತಿಯದೆಂದರು. ಅವಳು ಇಡೀ ಪುಸ್ತಕದಲ್ಲಿ ಆಡಿದ್ದು ಎರಡೇ ಮಾತು. ಪಾಪ, ಹೆಂಗಸರ ಮೇಲೆ ತಪ್ಪು ಹೊರಿಸಲು ಎರಡು ಮಾತು ಸಾಕಲ್ಲ! "ಇಷ್ಟು ಮರ್ಯಾದಿ ಮಾಡಿದ್ರೂ ಹೋದನಂದ್ರ ಅಂವ ಮಂಗ" ಎಂದರು ಮಾವನವರು. ಆಗ ಅತ್ತೆ ಹೊಸ್ತಿಲಿಂದ ಹೇಳಿದರು:

"ಮರ್ಯಾದಿ ಮಾಡಿದ್ರು ಅಂತನs ಹೋದ. ಉಣ್ಣಾಕ ಕುಂತಾಗ, ಸಾಕೇನ್ರಿ ಅಂತ ಕೇಳಿದ್ರ ಅಂವ ಬೀಗ. ಮುಚಗೊಂಡು ಇನ್ನೊಂದು ರೊಟ್ಟಿ ತಿನ್ನಲೇ ಅಂದ್ರ ಅಂವ ಮನಿ ಮಗ."

ಮಾಸ್ತರರ ಮುಖ ಅರಳಿದ್ದನ್ನು ನಾನು ನೋಡಿದೆ. ತುಟಿ ಬಿಗಿಹಿಡಿದು ತಲೆ ತಗ್ಗಿಸಿದರು, ತಮ್ಮ ಮಾತು ಈಗಲೇ ಹೊರಬಿದ್ದೀತು ಎನ್ನುವ ಹಾಗೆ.

ವಕೀಲರು ಮತ್ತೆ ಶುರುಮಾಡಿದ್ದರು. ಗೋಡೆಗೆ ಒರಗಿದ್ದ ಬೀಗರು ಸೆಟೆದು ಕೂತರು.

"ಇಲ್ದವನ ಮನಿ, ಇಲ್ದ ರೊಟ್ಟಿ! ನನ್ನ ಮನಿ ಖರೇ ಖರೇ ಸುಟ್ಟಾರ, ಅದರ ಮಾತು ಯಾರೂ ತಗಿಯವಲ್ರಿ." ಮಾಸ್ತರರ ಕಡೆ ಕೈ ಮಾಡಿದರು. "ಈ ಮನುಷ್ಯಾ ಆಗಿಂದ ತುಟಿ ಪಿಟಕ್ ಅಂದಿಲ್ಲ. ಯಾಕ? ಇವರ ಮಂದಿ ಮಾಡಿದ್ದಕ್ಕ ಜವಾಬು ಇಲ್ಲಂತ ಸುಮ್ ಕುಂತಾನೇನು?"

"ಹಾಂಗಲ್ಲರಿ ಬೀಗರ, ಅದು ನಮ್ಮ ಕೂಟದ ಪದ್ಧತಿ. ಅವರದು ಕಡೀಕ" ಎಂದರು ಮಾವನವರು.

"ಚಲೋ ಪದ್ಧತಿ! ಸುಟ್ಟವರು ಸುಮ್ ಕುಂಡ್ರೂದು, ಸುಟಗೊಂಡವರು ಕತಿ ಕೇಳೂದು."

ಮಾಸ್ತರರು ತಲೆಯೆತ್ತಿ ಅತ್ತೆಯ ಕಡೆ ನೋಡಿದರು. ಈಗಲೇ ಮಾತಾಡಲೆ ಎಂದು ಕೇಳುವ ನೋಟ ಅದು. ನಿಯಮ ಮಾಡಿದವರು ಅತ್ತೆ, ಮುರಿಯಬಹುದಾಗಿದ್ದವರೂ ಅವರೇ. ಅವರು ಆ ನಿಯಮವನ್ನೇ ಅಡ್ಡ ಹಿಡಿದು ಮಾಸ್ತರರನ್ನು ಕಾಯುತ್ತೇನೆ ಎಂದುಕೊಂಡರು.

"ತಡಿ ತಮ್ಮಾ. ವಕೀಲ್ರದು ಇನ್ನಾ ಮುಗದಿಲ್ಲ. ನಿನ್ನ ಪಾಳಿ ಬರ್ತದ."

ಮಾಸ್ತರರು ಮತ್ತೆ ತಲೆ ತಗ್ಗಿಸಿದರು. ವಕೀಲರಿಗೋ ಮಾತು ಮರೆತುಹೋಗಿತ್ತು. ಜೀವನದಲ್ಲಿ ಅದೊಂದೇ ಸಲ ಮರೆತದ್ದು, ಅದೂ ಅವತ್ತು! ಬೀಗರು ಮೊಣಕಾಲಲ್ಲಿ ಮುಖ ಹುದುಗಿಸಿ ಅಳತೊಡಗಿದರು, ಆ ಹಸುವಿನ ಹೆಸರು ಹಿಡಿದು. ಒಳಗಿದ್ದ ಅವರ ಹೆಂಡತಿಯೂ ಅಳು ತೆಗೆದರು. ಅವರದು ಸುಳ್ಳು ದುಃಖವಲ್ಲ, ಅವರನ್ನು ನಾನು ಬಯ್ಯಲಾರೆ. ಆ ಅಳುವಿನ ಎದುರಿಗೆ ಪುಸ್ತಕದ ಮಾತು ಮುಂದುವರಿಸುವ ಮುಖ ಯಾರಿಗಿತ್ತು? ಅಂಗಡಿಕಾರರು ಚಪ್ಪಲಿ ಹುಡುಕಿದರು. ವಕೀಲರು ಕೋರ್ಟಿನ ನೆಪ ಹೇಳಿ ಎದ್ದರು. ಮಾವನವರು ಬೀಗರ ರಟ್ಟೆ ಹಿಡಿದು ಒಳಗೆ ಕರೆತಂದರು.

ನನಗೆ ತಡೆಯಲಾಗಲಿಲ್ಲ. ಹೊಸ ಸೊಸೆ, ಗಂಡಸರೆದುರು ದನಿ ಎತ್ತಬಾರದವಳು, ಎತ್ತಿದೆ. "ಮಾಸ್ತರ ಪಾಳಿ ಆಗಿಲ್ರೀ!" ಹೋಗುತ್ತಿದ್ದವರು ಯಾರೂ ತಿರುಗಲಿಲ್ಲ. ಮಾಸ್ತರರು ಮಾತ್ರ ತಿರುಗಿದರು.

"ಮುಂದಿನ ಸಲ, ಮಗಳೇ" ಎಂದರು. ಗಿಲಾಸು ತೊಳೆದು ಗೂಡಿನಲ್ಲಿಟ್ಟು ಹೋದರು. ಪುಸ್ತಕ ತೆರೆದೇ ಉಳಿಯಿತು.

ಮುಂದಿನ ಸಲ ಬರಲಿಲ್ಲ. ನಾಲ್ಕು ಜನ ಒಂದೆಡೆ ಕೂತರೆ ಏಕೆಂದು ಕೇಳುವವರು ಬಂದರು. ಅಂಗಡಿಕಾರರಿಗೆ ನಮ್ಮ ಚಹಾ ಕಹಿಯಾಯಿತು. ಮಾಸ್ತರರು ಮಳೆಗಾಲದಲ್ಲಿ ಒಂದೆರಡು ಸಲ ಬಾಗಿಲಿಗೆ ಬಂದು ಕ್ಷೇಮ ಕೇಳಿ ಹೋದರು. "ಒಳಗ ಬಾ, ಏನ್ ಹೇಳೂದದ ನನ್ನ ಮುಂದ ಹೇಳು" ಎಂದು ಅತ್ತೆ ಅಂಗಲಾಚಿದರೆ ಅದೇ ಮಾತು: "ಪಡಸಾಲಿ ಕೂಡಲಿ ಅಕ್ಕಾ, ಹೇಳ್ತೀನಿ." ತಮ್ಮನಿಗೆ ಜವಾಬು ಇನ್ನೂ ಕೊಟ್ಟಿರಲಿಲ್ಲ. ಅಷ್ಟು ನಂಬಿಕೆ ಇಟ್ಟುಕೊಂಡು ಕಾಯುತ್ತಿದ್ದರು, ನಮ್ಮಂಥವರಿಗಾಗಿ.

ಗಣೇಶ ಚವತಿ ಕಳೆದ ಮೇಲೆ ಗಡಿಯಾಚೆಯಿಂದ ಸೈನ್ಯ ಬಂತು. ಬೀಗರು ಅಂಗಳದಲ್ಲಿ ನಿಂತು ಕೈಮುಗಿದರು. ನಾನೂ ಮುಗಿದೆ. ಭಯ ಮುಗಿಯಿತೆಂದುಕೊಂಡೆವು. ಮುಗಿದಿರಲಿಲ್ಲ, ಓಣಿ ಬದಲಿಸಿತ್ತು. ಈಗ ಮಾಸ್ತರರ ಓಣಿಯ ಮೇಲೆ ಹೊಗೆ ಎದ್ದಿತು. ಅವರ ಅಳಿಯನನ್ನು ಮಾತಾಡುವುದಿದೆ ಎಂದು ಹೊಲಕ್ಕೆ ಕರೆದೊಯ್ದವರು ಮರಳಿ ತರಲಿಲ್ಲ. ಕರೆದೊಯ್ದವರ ಮುಖ ಊರಿಗೆಲ್ಲ ಪರಿಚಿತ. ಮಾವನವರು ಧೈರ್ಯ ಮಾಡಿ ಹೋಗಿ ನೋಡುವಷ್ಟರಲ್ಲಿ ಮಾಸ್ತರರ ಮನೆಗೆ ಬಾಗಿಲಿರಲಿಲ್ಲ. ಚೌಕಟ್ಟಿನ ಸಮೇತ ಕಿತ್ತಿದ್ದರು. ಒಳಗೆ ಯಾರೂ ಇರಲಿಲ್ಲ. ಮಾವನವರು ಆ ದಿನ ಊಟ ಬಿಟ್ಟರು.

ಕಾರ್ತೀಕದಲ್ಲಿ ವಕೀಲರು ಹೊಸ ಪುಸ್ತಕ ಹಿಡಿದು ಬಂದರು. ಇನ್ನು ನಾಕೆಯ ಅಂಜಿಕೆ ಇಲ್ಲ, ಕೂಟ ಶುರುಮಾಡೋಣ ಎಂದರು. ಅತ್ತೆ ವ್ಯಾಸಪೀಠ ತೋರಿಸಿದರು.

"ಹಳೇದು ಮುಚ್ಚಿಲ್ರಿ. ಆರಿಸಿದವರು ಮಾತಾಡಿಲ್ಲ."

"ಅವರು ಎಲ್ಲಿ ಬರ್ತಾರ್ರಿ ಇನ್ನ?"

"ಬರ್ತನಕ ತೆರದೇ ಇರ್ತದ."

ವಕೀಲರು ತಂದ ಪುಸ್ತಕ ಹಾಗೇ ಕಂಕುಳಲ್ಲಿ ವಾಪಸ್ಸಾಯಿತು. ಪ್ರತಿ ವಾರ ನಾನು ಆ ತೆರೆದ ಪುಟದ ದೂಳು ಒರೆಸುತ್ತಿದ್ದೆ. ಅತ್ತೆ ಗೂಡಿನ ಗಿಲಾಸನ್ನು ಹುಣಸೆಹಣ್ಣು ಹಚ್ಚಿ ತೊಳೆಯುತ್ತಿದ್ದರು. ಬೇರೆ ಪಾತ್ರೆಯೆಂದು ಮುಟ್ಟದೆ ಇದ್ದವರು ಅದನ್ನೀಗ ತಮ್ಮ ಕೈಯಿಂದಲೇ ತೊಳೆಯುತ್ತಿದ್ದರು.

ಎಳ್ಳ ಅಮಾವಾಸ್ಯೆಗೆ ಸಜ್ಜೆ ಬೀಸುತ್ತಿದ್ದ ದಿನ ಬಾಗಿಲಲ್ಲಿ ಯಾರೋ ಕೆಮ್ಮಿದರು. ಮಾಸ್ತರರು. ಎಂದಿನ ರೂಮಿ ಟೊಪ್ಪಿಗೆ ಇರಲಿಲ್ಲ, ತಲೆಗೆ ಪಂಜೆ ಸುತ್ತಿದ್ದರು. ಮನೆಯ ಜಾಗದ ಕೆಲಸಕ್ಕೆ ತಹಸೀಲಿಗೆ ಬಂದಿದ್ದರಂತೆ. ಮಗಳು, ಹೆಂಡತಿ ಎಲ್ಲ ಹೈದರಾಬಾದಿನಲ್ಲಿ. ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು.

ನಮ್ಮ ಮನೆಯಲ್ಲಿ ಗಡಿಬಿಡಿಯೆದ್ದಿತು. ಮಾವನವರು ಅಂಗಡಿಯಿಂದ ಓಡಿಬಂದು ಅವರ ಕೈ ಹಿಡಿದು ಬಿಡಲೇ ಇಲ್ಲ. ವಕೀಲರಿಗೆ ಕರೆ ಹೋಯಿತು, ಅಂಗಡಿಕಾರರಿಗೂ. ಎಲ್ಲರೂ ಬಂದರು, ಯಾರೂ ತಪ್ಪಿಸಲಿಲ್ಲ. ಹೊಸ ಜಮಖಾನ ಹಾಸಿದೆವು, ಲೋಡು ಇಟ್ಟೆವು. ಮಾಸ್ತರರು ಚಪ್ಪಲಿ ಬಿಟ್ಟು ಗೂಡಿನ ಕಡೆ ಒಂದು ಹೆಜ್ಜೆ ಇಟ್ಟಿದ್ದರು. ಅಷ್ಟರಲ್ಲಿ ಮಾವನವರು ಅವರನ್ನು ಹಿಡಿದು ತಂದು ಜಮಖಾನದ ನಡುವೆ ಕೂರಿಸಿದರು. ಅತ್ತೆ ನನ್ನ ಕಿವಿಯಲ್ಲಿ, "ಕಪಾಟಿನ ಕಪ್ಪು-ಬಸಿ ತಗಿ, ಆ ಗಿಲಾಸಿನ್ಯಾಗ ಯಾವ ಮಾರಿಲೆ ಕೊಡೂದು" ಎಂದರು. ಒಳ್ಳೆಯದೆನಿಸಿತು. ಇಷ್ಟು ದಿನದ ಬೇರೆ ಪಾತ್ರೆಯ ಪಾಪ ತೊಳೆದೀತು ಎನಿಸಿತು. ಕಪ್ಪಿನಲ್ಲಿ ಚಹಾ ಸುರಿದು, ಬಸಿಯ ಮೇಲಿಟ್ಟು, ನಾನೇ ಒಯ್ದು ಅವರ ಮುಂದೆ ಇಟ್ಟೆ.

ಅತ್ತೆ ಆವತ್ತು ಹೊಸ್ತಿಲು ದಾಟಿದ್ದರು. ಪಡಸಾಲೆಯ ಕಂಬದ ಬಳಿ ನಿಂತು, ಸೆರಗು ಸರಿಮಾಡಿಕೊಂಡು ಹೇಳಿದರು:

"ಪಡಸಾಲಿ ಕೂಡೇದರಿ ಮಾಸ್ತರ. ನಿಮ್ಮ ಪಾಳಿ. ಹೇಳ್ರಿ, ಎಲ್ಲಾರೂ ಕೇಳ್ತೀವಿ."

ಮಾಸ್ತರರು ಅತ್ತೆಯನ್ನು ನೋಡಿದರು. ಜಮಖಾನ ನೋಡಿದರು. ಬಸಿಯ ಅಂಚಿನ ಹೂವುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕಪ್ಪೆತ್ತಿ ಚಹಾವನ್ನು ಪೂರ್ತಿ ಕುಡಿದರು, ಒಂದು ಗುಟುಕೂ ಬಿಡದೆ, ಬೀಗರ ಮನೆಯಲ್ಲಿ ಕುಡಿದಂತೆ.

"ಹೇಳೂದೇನೂ ಉಳದಿಲ್ಲರಿ" ಎಂದರು ಮೆಲ್ಲಗೆ. "ಪುಸ್ತಕದಾಗ ಎಲ್ಲಾ ಅದ."

ವ್ಯಾಸಪೀಠದತ್ತ ಬಾಗಿ ಪುಸ್ತಕ ಮುಚ್ಚಿದರು. ಖಾಲಿ ಕಪ್ಪು ಹಿಡಿದು ಅಭ್ಯಾಸದಂತೆ ಬಚ್ಚಲ ಕಡೆ ಹೊರಟರೆ ನಾನು ಅಡ್ಡ ಹೋದೆ. "ಬಿಡ್ರಿ, ನಾ ತೊಳೀತೀನಿ." ಅವರು ತಕ್ಷಣ ಕೊಟ್ಟುಬಿಟ್ಟರು. ಎಲ್ಲರಿಗೂ ಕೈಮುಗಿದು ಚಪ್ಪಲಿ ಮೆಟ್ಟಿದರು. ಇರು ಎಂದು ಪಡಸಾಲೆ ಅನ್ನಲಿಲ್ಲ. ಬಸ್ಸಿನ ಹೊತ್ತಾಯಿತೇನೋ ಎಂದಿತು. ಮಾವನವರು ಬಸ್ ಸ್ಟ್ಯಾಂಡಿನವರೆಗೆ ಕಳಿಸಿಬಂದರು, ಅದನ್ನೂ ಬೀಗರಿಗೇ ಮಾಡುತ್ತಾರೆ.

ಎಲ್ಲರೂ ಹೋದ ಮೇಲೆ ನಾನು ಜಮಖಾನ ಸುತ್ತುತ್ತಿದ್ದೆ. ಅತ್ತೆ ಕಂಬ ಬಿಟ್ಟು ಅಲುಗಿರಲಿಲ್ಲ. ಅವರ ಕಣ್ಣು ನಾನು ಬದಿಗಿಟ್ಟಿದ್ದ ಬಸಿಯಿಂದ ಗೂಡಿಗೆ ಹೋಯಿತು. ಗಿಲಾಸು ಅಲ್ಲೇ ಇತ್ತು, ಥಳಥಳ ಹೊಳೆಯುತ್ತಿತ್ತು.

"ಅಯ್ಯೋ ಶಿವನೇ, ನಾನೇ ಹೇಳಿದ್ನಲ್ಲೇ ಅವತ್ತ!" ಎಂದು ಹಣೆ ಬಡಿದುಕೊಂಡರು. "ಬೀಗನ್ನ ಮಾಡಿ ಕಳಿಸಿದ್ವಿ."

ಒಳಗೆ ಹೋಗಿ ಉಳಿದಿದ್ದ ಚಹಾವನ್ನು ಬಿಸಿ ಮಾಡಿ, ಆ ಗಿಲಾಸಿಗೆ ಸುರಿದು ತಂದರು. ಮಾಸ್ತರರು ಯಾವಾಗಲೂ ಕೂರುತ್ತಿದ್ದ ಜಾಗದಲ್ಲಿ, ಮುಚ್ಚಿದ ಪುಸ್ತಕದ ಪಕ್ಕ ಇಟ್ಟು ಎದುರಿಗೆ ಕೂತರು. ಚಹಾದ ಮೇಲೆ ಕೆನೆ ಕಟ್ಟುವವರೆಗೂ ಕೂತೇ ಇದ್ದರು. ನಾನು ಬೀಸುವ ಕಲ್ಲಿಗೆ ಮರಳಿದ ಮೇಲೆ ಅವರ ದನಿ ಕೇಳಿತು, ಮೊದಲಿನ ಹಾಗೆಯೇ ಗದರಿಕೆ, ಆದರೆ ಓಣಿಯವರೆಗೆ ಹೋಗದ ದನಿ.

"ಏ ತಮ್ಮಾ, ಚಾ ಆರಾಕತ್ತದ ನೋಡು."